ತೂಕದ ಬ್ಯಾಟರಿ

ನಮ್ಮ ಮೋಟರ್ ಸೈಕಲ್ಲಿನ ಸೆಲ್ಫ್ ಬಟನ್ ಒತ್ತಿದರೆ ‘ಟಿಕ್’ ಎನ್ನುತ್ತಿತ್ತು, ಅಷ್ಟೇ. ಮುಂದೆ ಮಾತಿಲ್ಲ. ಬ್ಯಾಟರಿ ಹೋಗಿದೆ ಎಂದು ಹೇಳಲು ಮೆಕ್ಯಾನಿಕ್ ಬೇಕಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕಿಕ್ ಹೊಡೆದು ಹೊರಟುಬಿಡುತ್ತಿದ್ದರು. ನನಗೆ ಹೋದ ವರ್ಷ ಬಲ ಮೊಣಕಾಲಿನ ಆಪರೇಷನ್ ಆಗಿದೆ. ನಡೆಯಬಹುದು, ಗಾಡಿ ಓಡಿಸಬಹುದು, ಕಿಕ್ ಮಾತ್ರ ಕೂಡದು ಎಂದು ಡಾಕ್ಟರು ಹೇಳಿದ್ದರು. ಅವರ ಮಾತು ಮೀರಿ ಒಂದೇ ಒಂದು ಸಲ ಹೊಡೆದು ನೋಡಿದೆ. ಆಮೇಲೆ ಅರ್ಧ ಗಂಟೆ ಅಂಗಳದಲ್ಲೇ ಕೂತು ಎಲ್ಲ ದೇವರನ್ನೂ ನೆನೆದೆ.

ಅದನ್ನು ಕಿಟಕಿಯಿಂದ ನೋಡಿದ ಹೆಂಡತಿ ತೀರ್ಪು ಕೊಟ್ಟಳು. “ಐತವಾರ ನಮ್ಮ ತಮ್ಮ ಕುಷ್ಟಗಿಯಿಂದ ಬರ್ತಾನ. ಅಷ್ಟರಾಗ ಗಾಡಿ ಬಟನ್ ಮ್ಯಾಲ ಚಾಲೂ ಆದ್ರ ಇಟ್ಕೋರಿ. ಇಲ್ಲಾಂದ್ರ ಅವ ಒಯ್ಯಲಿ.”

ನಾನು ಕೊಪ್ಪಳದ ಕಾಳಿನ ಮಾರುಕಟ್ಟೆಯಲ್ಲಿ ತೂಕದವನಾಗಿದ್ದೆ. ಈಗ ಕೆಲಸ ಬಿಟ್ಟಿದ್ದೇನೆ. ಆದರೂ ದಿನಾ ಬೆಳಿಗ್ಗೆ ಭಾಗ್ಯನಗರದ ನಮ್ಮ ಮನೆಯಿಂದ ಗಾಡಿ ಹತ್ತಿ ಅಲ್ಲಿಗೆ ಹೋಗುತ್ತೇನೆ. ದಲಾಲಿ ಅಂಗಡಿಯ ಕಟ್ಟೆಯ ಮೇಲೆ ಕೂತು ಒಂದು ಚಹಾ ಕುಡಿದು, ಈಗಿನವರು ತೂಗುವುದರಲ್ಲಿ ತಪ್ಪು ಹುಡುಕಿ, ಸಮಾಧಾನವಾಗಿ ಮನೆಗೆ ಬರುತ್ತೇನೆ. ಗಾಡಿ ಹೋದರೆ ಅದೂ ಹೋಯಿತು. ಮನೆಯಲ್ಲಿ ಕುಕ್ಕರಿನ ಸೀಟಿ ಎಣಿಸುತ್ತ ಕೂರಬೇಕು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಎರಡು ದಿನ ಪಕ್ಕದ ಮನೆಯ ಮಾಸ್ತರರಿಂದ ಕಿಕ್ ಹೊಡೆಸಿಕೊಂಡೆ. “ಸ್ವಲ್ಪ ಹೊಡದ ನೋಡ್ರಿ ಸರ, ಕಿಕ್ ಬಿಗಿ ಆಗೈತೇನ ಅಂತ” ಎಂದು ಪರೀಕ್ಷೆಗೆ ಕೊಟ್ಟವನಂತೆ ಕೇಳಿದೆ. ಕಾಲು ಸೋತಿದೆ ಎಂದು ಬಾಯಿಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ. ಮೂರನೆಯ ದಿನ ನನ್ನ ಗೇಟಿನ ಸಪ್ಪಳ ಕೇಳಿದ್ದೇ ಮಾಸ್ತರರು ಹಿತ್ತಲ ಬಾಗಿಲಿನಿಂದ ಶಾಲೆಗೆ ಹೋದರು. ಸಿಟ್ಟು ಬಂತು. ಟಂಟಂ ಆಟೋ ಹತ್ತಿ ಸೀದಾ ಕೊಪ್ಪಳದ ಬ್ಯಾಟರಿ ಅಂಗಡಿಗೆ ಹೋದೆ.

ಅಂಗಡಿಯವನು ಒಳ್ಳೆಯವನೇ. ಗಾಡಿ ಯಾವುದು ಎಂದು ಕೇಳಿ, ಅಂಗೈಯಷ್ಟಗಲದ ಒಂದು ಬ್ಯಾಟರಿ ತಂದಿಟ್ಟ. ಎತ್ತಿ ನೋಡಿದೆ. ಹೂವಿನ ಹಾಗಿತ್ತು. ಇಲ್ಲೇ ನನ್ನ ಕಸುಬು ಕೈಗೆ ಬಂತು. ಶೇಂಗಾ ಬಂದರೆ ಒಂದು ಬೊಗಸೆ ಎತ್ತಿ, ಅಂಗೈಯಲ್ಲಿ ಕುಣಿಸಿ, ಕಾಳು ತುಂಬಿದೆಯೋ ಜೊಳ್ಳೋ ಎಂದು ಹೇಳುವವರು ನಾವು. ಭಾರವಿದ್ದದ್ದು ಮಾಲು, ಹಗುರವಿದ್ದದ್ದು ಹೊಟ್ಟು. ನಾನು ತೆಂಗಿನಕಾಯಿ ಕೊಂಡಿದ್ದೂ ಹಾಗೆಯೇ, ಮಿಕ್ಸರ್ ಕೊಂಡಿದ್ದೂ ಹಾಗೆಯೇ. ಮೊಮ್ಮಗ ಹುಟ್ಟಿದಾಗ ಅವನನ್ನೂ ಎತ್ತಿ ನೋಡಿ “ಮಾಲು ಛಲೋ ಐತಿ” ಅಂದಿದ್ದಕ್ಕೆ ಮಗಳು ಒಂದು ವಾರ ಮಾತು ಬಿಟ್ಟಿದ್ದಳು.

“ಜೊಳ್ಳ ಕೊಡಬ್ಯಾಡಪಾ. ತೂಕದ್ದು ತೋರ್ಸು” ಅಂದೆ.

“ಕಾಕಾ, ನಿಮ್ಮ ಗಾಡಿಗೆ ಇದ ನೋಡ್ರಿ ಕೂಡ್ರೂದು. ದೊಡ್ಡದು ದೊಡ್ಡ ಗಾಡಿಗೆ.”

“ಅದನ್ನ ಎತ್ತು.”

ಕಪಾಟಿನ ಕೆಳಗಿನಿಂದ ಒಂದನ್ನು ತೆಗೆದ. ಎತ್ತಿದೆ. ಆಹಾ! ತೋಳಿಗೆ ತಿಳಿಯಿತು. ಯಲಬುರ್ಗಾ ಕಡೆಯ ಗಟ್ಟಿ ಕಾಳಿನ ಶೇಂಗಾದ ಭಾರ.

“ಗಾಡಿ ತರ್ರಿ ಕಾಕಾ, ಹಚ್ಚಿ ನೋಡೂಣು. ಆಮ್ಯಾಲ ತಗೋರಿ” ಎಂದ ಪುಣ್ಯಾತ್ಮ. ಗಾಡಿ ತರಬೇಕಾದರೆ ಯಾರಾದರೂ ಕಿಕ್ ಹೊಡೆಯಬೇಕಲ್ಲ! “ಗಾಡಿ ಮಗ ತಗೊಂಡ್ಹೋಗ್ಯಾನ” ಅಂದುಬಿಟ್ಟೆ. ನನಗಿರುವವರು ಇಬ್ಬರೂ ಹೆಣ್ಣುಮಕ್ಕಳು. ಒಂದು ಸುಳ್ಳಿಗೆ ಒಬ್ಬ ಮಗ ಹುಟ್ಟಿದ.

ಭಾರದ್ದನ್ನೇ ಕೊಂಡು ಮನೆಗೆ ಬಂದು ಗಾಡಿಯ ಪಕ್ಕದ ಮುಚ್ಚಳ ಬಿಚ್ಚಿ ಬ್ಯಾಟರಿ ಕೂರಿಸಲು ಹೋದೆ. ಕೂರಲಿಲ್ಲ. ನಿಲ್ಲಿಸಿದೆ, ಮಲಗಿಸಿದೆ, ಓರೆ ಮಾಡಿದೆ. ನಾಲ್ಕು ಬೆರಳಿನಷ್ಟು ಹೊರಗೇ ಉಳಿಯಿತು. ಗಾಡಿ ಮಾಡಿದವರನ್ನು ಬೈದೆ. ಹಿಟ್ಟು ಮೆತ್ತಿದ ಕೈಯಲ್ಲೇ ಹೆಂಡತಿ ಬಂದು ನಿಂತಳು.

“ಚೀಲದಾಗ ತುರುಕಿದಂಗ ತುರುಕಬ್ಯಾಡ್ರಿ. ಅದು ಶೇಂಗಾ ಅಲ್ಲ.”

“ಮಾಲು ಛಲೋ ಐತಿ. ಗಾಡೀನ ಸಣ್ಣದು.”

“ಹಂಗಾರ ಅಂಗಡಿಗೆ ಗಾಡಿ ಯಾಕ ಒಯ್ಯಲಿಲ್ಲ?”

ಮುಚ್ಚಳದ ಸ್ಕ್ರೂ ಹುಡುಕುವವನಂತೆ ನೆಲ ನೋಡಿದೆ. ಅವಳು ನನ್ನನ್ನು ನೋಡಿದಳು, ಪಕ್ಕದ ಮನೆಯ ಮುಚ್ಚಿದ ಬಾಗಿಲನ್ನು ನೋಡಿದಳು. ಒಳಗೆ ಹೋಗಿ ಕೈ ತೊಳೆದು ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಿರಿಗೆ ಎತ್ತಿ ಹಿಡಿದು, ಕಿಕ್ಕರಿನ ಮೇಲೆ ಕಾಲಿಟ್ಟಳು.

“ಏ, ಬ್ಯಾಡ, ಕಾಲಿಗೆ ಹೊಡದೀತು!”

“ನಿಮ್ಮ ಕಾಲಿನಂಗ ನನ್ನ ಕಾಲಿಗೇನಾಗೈತಿ?”

ಮೊದಲ ಹೊಡೆತಕ್ಕೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಕೆಮ್ಮಿತು. ಮೂರನೆಯದಕ್ಕೆ ಇಡೀ ಓಣಿಗೆ ಕೇಳುವಂತೆ ಚಾಲೂ ಆಯಿತು. ಅವಳು ಜಾತ್ರೆಯ ಕುಸ್ತಿ ಗೆದ್ದವಳಂತೆ ಉಸಿರು ಬಿಡುತ್ತಾ ನಿಂತಳು. ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಯಾವುದು ಹೆಚ್ಚು ಎಂದು ತೂಗಲು ಹೋಗಲಿಲ್ಲ.

ಭಾರದ ಬ್ಯಾಟರಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಹಿಂದೆ ಕೂತಳು. ಅಂಗಡಿಯವನು ನಮ್ಮನ್ನು ನೋಡಿ, “ಮಗ ಗಾಡಿ ತಂದುಕೊಟ್ಟನೇನ್ರಿ ಕಾಕಾ?” ಎಂದ. “ಯಾವ ಮಗ?” ಎಂದಳು ಹೆಂಡತಿ. ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ. ಅವನು ಜಾಣ, ಮತ್ತೆ ಕೇಳಲಿಲ್ಲ. ದೊಡ್ಡದನ್ನು ಮರಳಿ ತೆಗೆದುಕೊಂಡು, ಆ ಹೂವಿನಂಥದ್ದನ್ನು ಕೂರಿಸಿ, ಎರಡು ವೈರು ಬಿಗಿದು, “ಒತ್ರಿ” ಎಂದ. ಒತ್ತಿದೆ. ಗಾಡಿ ತಕ್ಷಣ ಎದ್ದಿತು. ಇಷ್ಟು ವರ್ಷ ಅಂಗೈಯನ್ನು ನಂಬಿದವನಿಗೆ ಅವಮಾನವಾಯಿತು ಎನ್ನಲೇ? ಇಲ್ಲ, ಖುಷಿಯಿಂದ ಗಾಡಿ ನಿಲ್ಲಿಸಿ ಇನ್ನೆರಡು ಸಲ ಒತ್ತಿ ನೋಡಿದೆ. ನಾಳೆ ಮಾರುಕಟ್ಟೆಗೆ ಹೋಗಬಹುದು.

ಐತವಾರ ಭಾವಮೈದುನ ಬಂದ. ಕೈಯಲ್ಲಿ ಹೊಸ ಹೆಲ್ಮೆಟ್ ಬೇರೆ. ನಾನು ಸೀದಾ ಅಂಗಳಕ್ಕೆ ಹೋಗಿ ಬಟನ್ ಒತ್ತಿ ತೋರಿಸಿದೆ. ಅವನು ಸುಲಭಕ್ಕೆ ಬಿಡುವವನಲ್ಲ.

“ಹೊಸಾ ಬ್ಯಾಟರಿ ಅಲ್ರೀ ಮಾಮಾ, ಈಗ ಎದ್ದ ಏಳತೈತಿ. ಒಂದಿನ ಊರ ಹೊರಗ ಕೈ ಕೊಟ್ರ ಏನ್ ಮಾಡ್ತೀರಿ? ನಿಮಗ ಕಿಕ್ ಹೊಡಿಯಾಕ ಆಗಂಗಿಲ್ಲಲಾ?”

ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಹೆಂಡತಿ ಏನು ಹೇಳುತ್ತಾಳೋ ಎಂದು ಅವಳ ಮುಖ ನೋಡಿದೆ. ಗಾಡಿ ಒಯ್ಯಲಿ ಎಂದು ಮೊದಲು ಹೇಳಿದವಳು ಅವಳೇ ತಾನೇ?

ಅವಳು ಚಹಾದ ಕಪ್ಪನ್ನು ತಮ್ಮನ ಮುಂದಿಟ್ಟಳು.

“ಹೂಂ, ಅವ್ರಿಗೆ ಆಗಂಗಿಲ್ಲ. ಅದಕ್ಕ ಇನ್ನ ಊರ ಹೊರಗ ಹೋಗೂದಿದ್ರ ನಾನೂ ಹಿಂದ ಕುಂತ ಹೋಗಾಕಿ” ಎಂದಳು.