ಬೋರಲಿಟ್ಟ ಮಗ್

ಅವ್ವ ಸತ್ತ ಮೇಲೆ ಅವಳ ಪೆಟ್ಟಿಗೆಯಲ್ಲಿ ನನಗೆ ಸಿಕ್ಕಿದ್ದು ಹಳೇ ಸೀರೆಯ ತುಂಡಿನಲ್ಲಿ ಕಟ್ಟಿದ ಒಂದು ಗಂಟು. ಒಳಗೆ ಬೂದಿಯಲ್ಲಿ ಹೊರಳಿಸಿ ಒಣಗಿಸಿದ ಟೊಮೆಟೊ ಬೀಜ. ಹಿತ್ತಲಲ್ಲಿ ಅವಳು ಬೆಳೆಯುತ್ತಿದ್ದ ಅಂಥ ಹುಳಿ ಹಣ್ಣನ್ನು ನಾನು ಬೇರೆಲ್ಲೂ ತಿಂದಿಲ್ಲ. ಆ ಹಿತ್ತಲಲ್ಲಿ ಈಗ ಅಣ್ಣ ಕೋಣೆ ಕಟ್ಟಿಸಿದ್ದಾನೆ. ಆ ಹಣ್ಣು ಮತ್ತೆ ಕಾಣಬೇಕೆಂದರೆ ಈ ಗಂಟಿನಿಂದಲೇ ಬರಬೇಕಿತ್ತು.

ಬುದ್ಧಿ ಇದ್ದವರು ಅರ್ಧ ಬೀಜ ಎತ್ತಿಡುತ್ತಾರೆ. ನಾನು, ಹಳೇ ಬೀಜ ಮೊಳೆಯುತ್ತದೋ ಇಲ್ಲವೋ ಎಂಬ ಗಾಬರಿಯಲ್ಲಿ, ಗಂಟು ಪೂರ್ತಿ ಕೊಡವಿ ಪೇಂಟ್ ಡಬ್ಬಿಯ ಮಣ್ಣಿಗೆ ಹಾಕಿಬಿಟ್ಟೆ. ಹುಟ್ಟಿದ್ದು ಒಂಬತ್ತೇ ಸಸಿ.

ಸಿಂಗಸಂದ್ರದಲ್ಲಿ ನಮ್ಮದು ತಾರಸಿ ಮೇಲಿನ ಬಾಡಿಗೆ ರೂಮು. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ನಾನು ಬೆಳಗಿನ ಮಬ್ಬಿನಲ್ಲೇ ಹೊರಡುವವಳು. ಗಂಡನಿಗೆ ಎಲೆಕ್ಟ್ರಾನಿಕ್ ಸಿಟಿ ಕಡೆಯ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ನಾನು ಹೋದ ಮೇಲೆ ಬರುತ್ತಾರೆ, ನಾನು ಬರುವ ಮೊದಲೇ ಹೋಗುತ್ತಾರೆ. ಮುಖ ನೋಡುವುದು ಭಾನುವಾರ. ದಿನಾ ಹೊರಡುವ ಮುಂಚೆ ನಾನು ಸಸಿಗೆ ನೀರು ಹಾಕುತ್ತಿದ್ದೆ. ಬಂದ ಕೂಡಲೇ ಅವರೂ ಹಾಕುತ್ತಿದ್ದರು, ನನಗೆ ಹೇಳದೆ.

ಒಂದು ಭಾನುವಾರ ನೋಡಿದರೆ ಎಂಟು ಸಸಿ ಮಲಗಿದ್ದವು. ಬಟ್ಟೆ ಒಣಹಾಕಲು ಬಂದ ಮನೆ ಓನರ್ ಅಜ್ಜಿ ಒಂದು ಕಾಲಕ್ಕೆ ಇದೇ ಜಾಗದಲ್ಲಿ ತೋಟ ಮಾಡಿದವರು. ಮಣ್ಣಿಗೆ ಬೆರಳಿಟ್ಟು, "ಯಾಕಮ್ಮ ಇಂಗೆ ನೀರ್ ಉಯ್ದಿದ್ದೀಯ? ಬುಡವೇ ಕೊಳ್ತೋಗೈತಲ್ಲ" ಎಂದರು.

ಗಂಡನ ಮೇಲೆ ಹರಿಹಾಯ್ದೆ. "ನಿಮಗ ಯಾರ ಹೇಳಿದ್ರು ನೀರ ಹಾಕಂತ?"

"ನೀ ದಣದು ಬರ್ತಿ, ನಿನಗ್ಯಾಕ ಮತ್ತೊಂದು ಕೆಲಸ ಅಂತ ಹಾಕೀನಿ."

ಆ ಮಾತಿಗೆ ನಾನು ಕರಗಬೇಕಿತ್ತು. "ನಮ್ಮವ್ವನ್ನ ಎರಡನೇ ಸಲ ಕೊಂದ್ರಿ" ಎಂದುಬಿಟ್ಟೆ. ಅವರು ಊಟ ಬಿಟ್ಟು ಎದ್ದರು. ಆಮೇಲೆ ಫೋನಿನಲ್ಲಿ ಗ್ಯಾಸು, ಅಕ್ಕಿ ಎಂದು ಮಾತಾಡಿದೆವೇ ಹೊರತು ಸಸಿಯ ಸುದ್ದಿ ಇಬ್ಬರೂ ಎತ್ತಲಿಲ್ಲ.

ಆದರೆ ಜಗಳವಾದ ಆ ಭಾನುವಾರವೇ, ಅವರು ರಾತ್ರಿ ಪಾಳಿಗೆ ಹೊರಡುವ ಮೊದಲು, ಉಳಿದ ಒಂದು ಸಸಿಗೆ ನಾನೇ ಒಂದು ಉಪಾಯ ಹೇಳಿದ್ದೆ. ಡಬ್ಬಿಯನ್ನು ಟ್ಯಾಂಕಿನ ಮರೆಯ ನೆರಳಿಗೆ ಸರಿಸಿ, ನೀರು ಹಾಕುವ ಪ್ಲಾಸ್ಟಿಕ್ ಮಗ್ಗನ್ನು ಬಾಗಿಲಿಂದಲೇ ಕಾಣುವಂತೆ ಗೋಡೆಯ ಮೇಲಿಟ್ಟೆ. ಯಾರು ನೀರು ಹಾಕಿದರೂ ಮಗ್ ಬೋರಲಿಡಬೇಕು. ಬೋರಲಿದ್ದರೆ ಇನ್ನೊಬ್ಬರು ಹಾಕಬಾರದು. ಎಂಥಾ ತಲೆ ನನ್ನದು ಎಂದು ಒಳಗೊಳಗೇ ಬೀಗಿದೆ.

ಸೋಮವಾರ ನೀರು ಹಾಕಿ ಬೋರಲಿಟ್ಟೆ. ಮಂಗಳವಾರ ಬೋರಲಿತ್ತು, ಸದ್ಯ, ಅವರು ಹಾಕಿದ್ದಾರೆ ಎಂದು ಬಸ್ಸಿಗೆ ಓಡಿದೆ. ಬುಧವಾರವೂ ಬೋರಲು. ಅವರೂ ಬಾಗಿಲಿಂದಲೇ ನೋಡಿ, ನಾನು ಹಾಕಿದ್ದೇನೆಂದು ಮಲಗುತ್ತಿದ್ದರು. ಮಗ್ಗನ್ನು ಮತ್ತೆ ನೆಟ್ಟಗಿಡಬೇಕಾದವರು ಯಾರು ಎಂದು ನಾನು ಹೇಳಿಯೇ ಇರಲಿಲ್ಲ. ಮಾರ್ಚ್ ಬಿಸಿಲು. ಭಾನುವಾರ ಇಬ್ಬರೂ ಒಟ್ಟಿಗೆ ಟ್ಯಾಂಕಿನ ಹಿಂದೆ ಹೋದಾಗ ಅಲ್ಲಿದ್ದದ್ದು ಕಂದು ಕಡ್ಡಿ.

ಈ ಸಲ ಬೈಯಲು ಯಾರೂ ಇರಲಿಲ್ಲ. ಗಂಟಿನ ಬಟ್ಟೆ ತಂದು ಹೊಲಿಗೆಯ ಸಂದಿಯೆಲ್ಲ ಉಗುರಿನಿಂದ ಕೆರೆದೆ. ಬರೀ ಬೂದಿ. ಅವ್ವನ ಕೈಯಿಂದ ಬಂದ ಒಂದೇ ಒಂದನ್ನು ನಾನು ಕಳೆದೆ ಎಂದು ಗೋಳೋ ಎಂದು ಅತ್ತೆ. ಗಂಡ ಪಕ್ಕದಲ್ಲಿ ಕೂತು ಆ ಬಟ್ಟೆಯನ್ನು ಮಡಚಿದರು.

ಮರುದಿನ ಹೊರಡುವಾಗ ಮನಸ್ಸು ತಡೆಯದೆ ಆ ಕಡ್ಡಿಗೆ ನೀರು ಹಾಕಿದೆ. ಹೇಳಿದರೆ ಹುಚ್ಚಿ ಅಂದಾರು ಎಂದು ಹೇಳಲಿಲ್ಲ. ಸಂಜೆ ಬಂದು ಮಣ್ಣಿಗೆ ಬೆರಳಿಟ್ಟೆ. ನೆರಳಲ್ಲಿದ್ದರೂ ಇಡೀ ದಿನದ ಕಾವಿಗೆ ಒಣಗಿರಬೇಕಿತ್ತು. ಒದ್ದೆ ಇತ್ತು. ಅವರು ಆಗಷ್ಟೇ ಪಾಳಿಗೆ ಹೋಗಿದ್ದರು.