ಗಿಡ್ಡಾದ ಮಾರು

ಗೇಣಿಗೆ ಬೆರಳು ಸಾಕು, ಮೊಳಕ್ಕೆ ಒಂದು ಕೈ ಸಾಕು. ಮಾರು ಹಾಗಲ್ಲ. ಎರಡೂ ಕೈ ಚಾಚಿ, ಈ ತುದಿಯಿಂದ ಆ ತುದಿಗೆ ಹೂಮಾಲೆ ಹಿಡಿಯಬೇಕು. ನಡುವಿನ ಎದೆಯೂ ಲೆಕ್ಕಕ್ಕೆ ಬರುತ್ತದೆ. ನಾಲ್ಕು ಮೊಳ ಕೂಡಿಸಿ ಮಾರು ಎನ್ನುವವರೂ ಲಕ್ಷ್ಮೇಶ್ವರದ ಬಜಾರಿನಲ್ಲಿದ್ದಾರೆ. ನಮ್ಮತ್ತೆಗೆ ಅದು ಸೇರುತ್ತಿರಲಿಲ್ಲ. "ಎದಿಮ್ಯಾಲೆ ಹಾದು ಬಂದ್ರ ಮಾರು, ಇಲ್ಲಾಂದ್ರ ಮೋಸ" ಎನ್ನುತ್ತಿದ್ದಳು. ಮದುವೆಯಾಗಿ ಬಂದು ಅವಳ ಪಕ್ಕ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಾಗಿನಿಂದ ನಾನೂ ಹಾಗೇ ಅಳೆದಿದ್ದೇನೆ.

ಹೋದ ವರ್ಷ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನನ್ನ ಎಡ ಮೊಲೆ ತೆಗೆದರು. ಅಲ್ಲಿನ ನರ್ಸು ಕೇರಳದವಳು. ನನ್ನ ಕಸುಬು ವಿಚಾರಿಸಿದಳು. ಮಾರು ಎಂದರೇನೆಂದು ಹೇಳಿದಾಗ, ತಮ್ಮ ಕಡೆ ಎದೆಗೇ 'ಮಾರ್' ಎನ್ನುತ್ತಾರೆ ಎಂದಳು. ಇದ್ದೀತು, ಆ ಮಾತು ಹುಟ್ಟಿದ್ದೇ ಎದೆಯಿಂದ ಇದ್ದೀತು. ಮಾತಿನ ಮೂಲ ಕಟ್ಟಿಕೊಂಡು ನನಗೇನಾಗಬೇಕಿತ್ತು? ಕೈ ಮತ್ತೆ ಚಾಚಲು ಬರುತ್ತದೋ ಇಲ್ಲವೋ, ಅದೊಂದೇ ಚಿಂತೆ.

ಬಂತು, ಅರ್ಧಮರ್ಧ. ಆಸ್ಪತ್ರೆಯಲ್ಲಿ ಹೇಳಿಕೊಟ್ಟಂತೆ ಗೋಡೆಯ ಮೇಲೆ ಬೆರಳು ಹತ್ತಿಸಿ ಹತ್ತಿಸಿ ದಣಿದೆ. ಕಂಕುಳಲ್ಲಿ ನರ ಹಿಡಿದು ಎಳೆದಂತಾಗಿ ಕೈ ನಡುವೆಯೇ ನಿಲ್ಲುತ್ತದೆ. ಮಾರು ಒಂದು ಗೇಣು ಗಿಡ್ಡಾಯಿತು.

"ಯಕ್ಕಾ, ನೀ ಹೂ ಕಟ್ಟು, ನಾ ಅಳೀತೀನಿ" ಎಂದಳು ಪಕ್ಕದಲ್ಲಿ ಕೂರುವ ನೆಗೆಣ್ಣಿ, ನನ್ನ ಮೈದುನನ ಹೆಂಡತಿ. ನಾನು ಹಟ ಬಿಡಲಿಲ್ಲ. ಆದರೆ ಅಳತೆಯ ಮೇಲೊಂದು ತುಣುಕು ಕೊಸರು ಹಾಕೆಂದು ಇಷ್ಟು ವರ್ಷ ನನ್ನ ಜೀವ ತಿಂದ ಹೆಂಗಸರು ಈಗ ಗಿಡ್ಡ ಮಾರನ್ನೇ ತಲೆ ತಗ್ಗಿಸಿಕೊಂಡು ಒಯ್ಯತೊಡಗಿದರು. ಕಡಿಮೆ ಬಿದ್ದ ಗೇಣು ಸೇರಿಸಹೋದರೂ "ಇರ್ಲಿ ಬಿಡವಾ, ಸಾಕು" ಎನ್ನುತ್ತಾರೆ. ಇವರ ಕರುಣೆ ಹೊತ್ತು ಹೊತ್ತು ಸಾಕಾಗಿಹೋಗಿತ್ತು. ಕಾಯಿಲೆಗಿಂತ ಇದೇ ಹೆಚ್ಚು ಸುಸ್ತು ಮಾಡುತ್ತದೆ.

ಮೊನ್ನೆ ಡೋಣಿ ಎಂಬ ಹಳ್ಳಿಯಿಂದ ಬಂದವಳೊಬ್ಬಳಿಗೆ ನನ್ನ ಸುದ್ದಿ ಗೊತ್ತಿರಲಿಲ್ಲ. ಮಾಲೆ ಕತ್ತರಿಸುವ ಮೊದಲೇ ತಡೆದಳು.

"ಏನಬೇ, ಇದೇನ್ ಮಾರು? ಕೂಸಿನ ಕೈಲೆ ಅಳದಂಗ ಐತಿ. ಪೂರಾ ಕೈ ಚಾಚು!"

ನೆಗೆಣ್ಣಿ ಗಾಬರಿಯಾದಳು. "ಯವ್ವಾ, ಅಕಿಗೆ ಆಪರೇಶನ್..."

"ನೀ ಸುಮ್ನ ಕುಂಡ್ರಬೇ" ಎಂದು ಅವಳ ಬಾಯಿ ಮುಚ್ಚಿಸಿದೆ. ಬಂದವಳಿಗೆ, "ನನ್ನ ಕೈ ಇಷ್ಟ ಬರೋದು. ತಗೋ, ಒಂದು ಗೇಣು ಹಾಕೀನಿ" ಎಂದೆ.

"ಗೇಣು ಕಡಿಮಿ ಬಿದ್ದದ್ದಕ್ಕ ಆತು. ಕೊಸರು ಎಲ್ಲಿ?"

ಆಸ್ಪತ್ರೆಯಿಂದ ಬಂದ ಮೇಲೆ ಈ ಮಾತನ್ನು ಯಾರೂ ನನಗೆ ಕೇಳಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಕೊಸರು ಹಾಕಾಕ ಇದೇನ್ ನಿಮ್ಮಪ್ಪನ ತ್ವಾಟದ ಹೂವೇನ?" ಎಂದು ಬಜಾರಿಗೆಲ್ಲ ಕೇಳುವಂತೆ ಜಗಳಕ್ಕೆ ನಿಂತೆ.