ಬದನೆಗೆ ಪರದೆ

ತಳೇಗಾಂವದ ಹೊಲದಲ್ಲಿ ನಮ್ಮ ಕಂಪನಿ ಹೊಸ ಜೀನ್ ಸೇರಿಸಿದ ಬದನೆಯನ್ನು ಪ್ರಯೋಗಕ್ಕೆ ಬೆಳೆಸಿತ್ತು. ಆ ಜೀನ್ ಕಾಡುಬದನೆಗೆ ದಾಟಬಾರದೆಂದು ಸುತ್ತಲಿನ ಕಾಡುಗಿಡಗಳನ್ನು ಕೀಳಿಸುವುದು ನನ್ನ ಕೆಲಸ. ಹೊಲದ ಪಕ್ಕದ ಮನೆಯ, ಬೆಳಗಾವಿ ಕಡೆಯ ಅಜ್ಜಿ ಮಾತ್ರ ತಮ್ಮ ಬೇಲಿಯ ಕಾಡುಬದನೆ ಗಿಡ ಕೀಳಲು ಬಿಡಲೊಲ್ಲರು. ಅವರ ಕೆಮ್ಮಿಗೆ ಅದೇ ಔಷಧಿ.

ಇಂಗ್ಲಿಷಿನಲ್ಲಿ ಕಲಿತದ್ದನ್ನು ಕನ್ನಡದಲ್ಲಿ ತಡವರಿಸುತ್ತ ಹೇಳಿದೆ: "ನಮ್ಮ ಹೂವಿನ ಪುಡಿ ಜೇನುನೊಣ ತಂದು ಇದಕ್ಕ ಹಚ್ಚತಾವ್ರಿ, ಅಜ್ಜಿ."

"ಅಂದ್ರ ಬೇಲಿ ಹಾರಾಂವ ನಿಮ್ಮ ಹುಡುಗ. ನಮ್ಮ ಹುಡುಗೀನ್ನ ಯಾಕ ಕೀಳ್ತಿ ತಂಗಿ? ಅವಂಗ ಪರದೆ ಹಾಕ್ರಿ."

ಮೀಟಿಂಗಿನಲ್ಲಿ ಬಾಯಿಯೇ ಬಿಡದ ನಾನು ಸಾಹೇಬರಿಗೆ ಅದನ್ನೇ ಹೇಳಿದೆ. ಅವರು ನಕ್ಕರು, ಆಮೇಲೆ ಖರ್ಚಿನ ಲೆಕ್ಕ ಹಾಕಿದರು. ಕೆಲವೇ ದಿನಗಳಲ್ಲಿ ನಮ್ಮ ಬದನೆಯ ಮೇಲೆ ಸಣ್ಣ ಕಣ್ಣಿನ ಬಲೆ ಬಂತು. ಅಜ್ಜಿಯ ಗಿಡ ಉಳಿಯಿತು.

ಒಂದು ಸಂಬಂಧ ತಪ್ಪಿಸಿದ ಹುರುಪಿನಲ್ಲಿ ಅಜ್ಜಿ ನನಗೆ ವರ ಹುಡುಕತೊಡಗಿದರು.